ಅಸಲಿಯೆಂದು ಸಾಬೀತುಪಡಿಸಬೇಕಾದವರು ಯಾರು?

ನಮ್ಮ ಪರಿಚಿತರೊಬ್ಬರು ಮಗಳ ಮದುವೆಯ ಸಂದರ್ಭದಲ್ಲಿ ಅಳಿಯನಿಗೆಂದು ಒಂದು ಕೈಗಡಿಯಾರವನ್ನು ಆನ್‌ಲೈನ್ ಮಾರಾಟ ತಾಣವೊಂದರಿಂದ ತರಿಸಿದ್ದರು. ಸ್ವಿಟ್ಜರ್ಲೆಂಡಿನ ಹೆಸರಾಂತ ಕಂಪೆನಿಯೊಂದರ ಹೆಸರು ಅದರ ಮೇಲಿತ್ತು. ಚಂದದ ಪೆಟ್ಟಿಗೆ, ಒಳಗೆ ಮಕಮಲ್ಲಿನ ಹಾಸು, ಕ್ರಮಸಂಖ್ಯೆ ಮುದ್ರಿಸಿದ ವಾರಂಟಿ ಕಾರ್ಡು, ಬೆಳಕಿಗೆ ಮಿನುಗುವ ಹಾಲೊಗ್ರಾಮ್ ಎಲ್ಲವೂ ಇದ್ದವು. ಅಳಿಯನಿಗೆ ಉಡುಗೊರೆ ಕೊಡಲೇಬೇಕೆಂಬ ಒತ್ತಡ ನಮ್ಮ ಮದುವೆಗಳಲ್ಲಿ ಏಕೆ ಉಳಿದುಕೊಂಡಿದೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ಮದುವೆ ಮುಗಿದ ಎರಡು ವಾರಗಳಲ್ಲಿ ಗಡಿಯಾರ ನಿಂತುಹೋಯಿತು. ಪೇಟೆಯ ಗಡಿಯಾರ ರಿಪೇರಿಯವರು ಹಿಂಬದಿಯ ಮುಚ್ಚಳ ತೆರೆದು, ಏನೂ ಹೇಳದೆ ಅದನ್ನು ಇವರ ಕಡೆಗೆ ತಿರುಗಿಸಿ ಹಿಡಿದರು. ಕೈಯ ಚಲನೆಯಿಂದಲೇ ಓಡುವ ಸ್ವಯಂಚಾಲಿತ ಯಂತ್ರವಿರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ಕಿನ ಅಗ್ಗದ ಯಂತ್ರವೊಂದು, ಅದರ ಪಕ್ಕದಲ್ಲಿ ಒಂದು ಪುಟ್ಟ ಬ್ಯಾಟರಿ!

ವಂಚನೆ ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಅವರು ತಾಣದ ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದರು. 'ಇದು ನಕಲಿಯೆಂದು ಕಂಪೆನಿಯ ಅಧಿಕೃತ ಕೇಂದ್ರದಿಂದ ಪತ್ರ ತನ್ನಿ' ಎಂಬ ಉತ್ತರ ಬಂತು. ಬೆಂಗಳೂರಿಗೆ ಹೋಗಿ ಅಧಿಕೃತ ಕೇಂದ್ರದಲ್ಲಿ ವಿಚಾರಿಸಿದರೆ, 'ನಮ್ಮಲ್ಲಿ ಮಾರಾಟವಾಗದ ವಸ್ತುವಿನ ಬಗ್ಗೆ ನಾವು ಲಿಖಿತವಾಗಿ ಏನನ್ನೂ ಕೊಡುವುದಿಲ್ಲ' ಎಂದರು. ಬಿಲ್ಲಿನಲ್ಲಿದ್ದ ಮಾರಾಟಗಾರನ ಫೋನು ಸ್ತಬ್ಧವಾಗಿತ್ತು. ಅಷ್ಟರಲ್ಲಿ ಹಿಂತಿರುಗಿಸುವ ಅವಧಿಯೂ ಮುಗಿದಿತ್ತು. ಸಾಲದ್ದಕ್ಕೆ, ಮುಚ್ಚಳ ತೆರೆದಿರುವುದರಿಂದ ವಸ್ತುವನ್ನು ಮರಳಿ ಪಡೆಯಲಾಗದೆಂಬ ಸಂದೇಶವೂ ಬಂತು. ಅಂದರೆ, ಮುಚ್ಚಳ ತೆರೆಯದೆ ನಕಲಿಯೆಂದು ತಿಳಿಯುವಂತಿಲ್ಲ; ತೆರೆದರೆ ಹಿಂತಿರುಗಿಸುವಂತಿಲ್ಲ. ಮಾರಿದವನಾಗಲಿ, ಮಾರಾಟದಲ್ಲಿ ಪಾಲು ಪಡೆದವನಾಗಲಿ 'ಇದು ಅಸಲಿ' ಎಂದು ಸಾಬೀತುಪಡಿಸುವ ಗೋಜಿಗೆ ಹೋಗಲೇ ಇಲ್ಲ. 'ಇದು ನಕಲಿ' ಎಂದು ಸಾಬೀತುಪಡಿಸುವ ಹೊಣೆ ಹಣ ಕಳೆದುಕೊಂಡವರ ಹೆಗಲೇರಿತು.

ನಮ್ಮ ಪ್ರಶ್ನೆ ಇರುವುದು ಇಲ್ಲಿಯೇ. ಒಂದು ವಸ್ತು ಅಸಲಿಯೆಂಬುದಕ್ಕೆ ಸಾಕ್ಷಿ ಒದಗಿಸಬೇಕಾದವರು ಯಾರು? ಮಾರುವವರೋ, ಕೊಳ್ಳುವವರೋ?

ಐಷಾರಾಮಿ ವಸ್ತುಗಳ ನಕಲಿ ಎಂದೊಡನೆ, ಅದು ಶ್ರೀಮಂತರ ಮನೆಯ ಸಮಸ್ಯೆ, ನಮಗೇನು ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ. ಶ್ರೀಮಂತರು ಐಷಾರಾಮಿ ವಸ್ತುವನ್ನು ಬೇಕೆಂದಾಗ ಕೊಳ್ಳುತ್ತಾರೆ. ಮೋಸ ಹೋದರೆ ಇನ್ನೊಂದನ್ನು ಕೊಳ್ಳುತ್ತಾರೆ. ಪಟ್ಟಣದ ಮಧ್ಯಮ ವರ್ಗದ ಕುಟುಂಬ ಅದನ್ನು ಕೊಳ್ಳುವುದು ಬದುಕಿನಲ್ಲಿ ಒಂದೆರಡು ಸಲ. ಮದುವೆಗೆ ಬಂಗಾರ, ಮದುಮಗಳಿಗೆ ರೇಷ್ಮೆ ಸೀರೆ, ಅತ್ತೆಗೊಂದು ಪಶ್ಮೀನಾ ಶಾಲು, ಹಬ್ಬಕ್ಕೊಂದು ಬೆಲೆಬಾಳುವ ಅತ್ತರಿನ ಸೀಸೆ. ಇವುಗಳ ಹಿಂದೆ ಗಲ್ಫಿನ ಬಿಸಿಲಿನಲ್ಲಿ ದುಡಿದ ವರ್ಷಗಳಿರುತ್ತವೆ, ಚೀಟಿ ಕಟ್ಟಿದ ತಿಂಗಳುಗಳಿರುತ್ತವೆ. ಅಂತಹ ಮನೆಯಲ್ಲಿ ಒಂದು ವಸ್ತು ನಕಲಿಯಾದರೆ ನಷ್ಟ ಹಣಕ್ಕೆ ಸೀಮಿತವಾಗುವುದಿಲ್ಲ. ಬೀಗರ ಮುಂದೆ ಮುಖ ತಗ್ಗಿಸಬೇಕಾಗುತ್ತದೆ. ನಮ್ಮ ಪರಿಚಿತರು ಹೆಚ್ಚು ನೊಂದದ್ದು ಹಣಕ್ಕಾಗಿ ಅಲ್ಲ. 'ಗೊತ್ತಿದ್ದೇ ಅಗ್ಗದ್ದನ್ನು ಕೊಟ್ಟರು' ಎಂದು ಅಳಿಯನ ಮನೆಯವರು ಭಾವಿಸಿದರಲ್ಲಾ, ಅದಕ್ಕಾಗಿ. ಕೈಯಿಂದ ಹಣ ಹೋದವರೇ ವಂಚಕರೆಂಬ ಸಂಶಯಕ್ಕೆ ಗುರಿಯಾಗುವುದು ಈ ವ್ಯಾಪಾರದ ಅತ್ಯಂತ ಕ್ರೂರ ಮುಖ.

ಇನ್ನು ಇದರ ಗಾತ್ರವನ್ನು ನೋಡಿ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯೂ ಯುರೋಪಿಯನ್ ಒಕ್ಕೂಟದ ಬೌದ್ಧಿಕ ಆಸ್ತಿ ಕಚೇರಿಯೂ ಸೇರಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2021ರಲ್ಲಿ ಜಗತ್ತಿನ ಗಡಿಗಳನ್ನು ದಾಟಿದ ನಕಲಿ ಸರಕಿನ ಅಂದಾಜು ಮೌಲ್ಯ 467 ಬಿಲಿಯನ್ ಡಾಲರ್. ಜಗತ್ತಿನ ಒಟ್ಟು ಆಮದಿನ ಶೇ. 2.3ರಷ್ಟು. ಆಯಾ ದೇಶದೊಳಗೇ ತಯಾರಾಗಿ ಅಲ್ಲಿಯೇ ಮಾರಾಟವಾಗುವ ನಕಲಿ ಈ ಲೆಕ್ಕದಲ್ಲಿ ಸೇರಿಲ್ಲ.

ಸಾಕ್ಷಿಗಳೇ ನಕಲಿಯಾದಾಗ

ಒಂದು ಕಾಲದಲ್ಲಿ ಅಂಗಡಿಯವನೇ ಸಾಕ್ಷಿಯಾಗಿದ್ದ. ಅವನ ಅಪ್ಪನನ್ನು ನಮ್ಮ ಅಪ್ಪ ಬಲ್ಲರು. ಮೋಸವಾದರೆ ನಾಳೆ ಅದೇ ಬೀದಿಯಲ್ಲಿ ಎದುರಾಗಬೇಕೆಂಬ ಅಳುಕು ಅವನಿಗಿತ್ತು. ವಸ್ತುವನ್ನು ಮುಟ್ಟಿ, ಮೂಸಿ, ತೂಗಿ ನೋಡಬಹುದಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಆ ಮಾರುಕಟ್ಟೆಗೆ. ಈಗಿನ ಮಾರುಕಟ್ಟೆಯಲ್ಲಿ ಪ್ರತ್ಯಕ್ಷವೂ ಇಲ್ಲ, ಪ್ರಮಾಣವೂ ಇಲ್ಲ. ಇರುವುದು ಒಂದು ಚಿತ್ರ. ಆ ಚಿತ್ರ ಎಷ್ಟೋ ಸಲ ಅಸಲಿ ವಸ್ತುವಿನದ್ದೇ ಆಗಿರುತ್ತದೆ; ಮನೆಗೆ ಬರುವುದು ಮಾತ್ರ ಬೇರೆ.

ಹಾಗಾದರೆ ಕಂಪೆನಿಗಳು ಕೊಡುವ ಗುರುತುಗಳನ್ನು ನಂಬಬಹುದೇ? ಪೆಟ್ಟಿಗೆ, ಕಾರ್ಡು, ಹಾಲೊಗ್ರಾಮ್, ಬಿಲ್ಲು ಇವೆಲ್ಲ ಮುದ್ರಣದ ಕೆಲಸಗಳು. ಚೀಲವನ್ನು ನಕಲು ಮಾಡಬಲ್ಲವನಿಗೆ ಚೀಲದ ಕಾರ್ಡನ್ನು ನಕಲು ಮಾಡುವುದು ಕಷ್ಟವೇ? ಕ್ರಮಸಂಖ್ಯೆಯದ್ದೂ ಇದೇ ಕತೆ. ಒಂದು ಅಸಲಿ ಚೀಲದ ಸಂಖ್ಯೆಯನ್ನು ಸಾವಿರ ನಕಲಿ ಚೀಲಗಳಿಗೆ ಹಾಕಬಹುದು. ಪರೀಕ್ಷಿಸಿದಾಗ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಚೀಲ ಮಾತ್ರ ಸುಳ್ಳಾಗಿರುತ್ತದೆ. ಇದನ್ನರಿತೇ ಫ್ರಾನ್ಸಿನ ಲೂಯಿ ವಿಟಾನ್ ಕಂಪೆನಿ 2021ರಲ್ಲಿ ತನ್ನ ಚೀಲಗಳಲ್ಲಿದ್ದ ಹಳೆಯ ಸಂಕೇತಾಕ್ಷರಗಳನ್ನು ಕೈಬಿಟ್ಟು ಕಣ್ಣಿಗೆ ಕಾಣದ ಚಿಪ್ ಅಳವಡಿಸತೊಡಗಿತು. ಅದೇ ವರ್ಷ ಎಲ್‌ವಿಎಂಎಚ್, ಪ್ರಾಡಾ ಮತ್ತು ಕಾರ್ಟಿಯೇ ಸೇರಿ 'ಆರಾ' ಎಂಬ ಒಕ್ಕೂಟವನ್ನು ಕಟ್ಟಿದವು. ಪ್ರತಿಯೊಂದು ವಸ್ತುವಿನ ಹುಟ್ಟಿನಿಂದ ಮಾರಾಟದವರೆಗಿನ ವಿವರವನ್ನು ಅಳಿಸಲಾಗದ ಬ್ಲಾಕ್‌ಚೈನ್ ಕಡತದಲ್ಲಿ ದಾಖಲಿಸುವುದು ಅದರ ಉದ್ದೇಶ.

ಒಳ್ಳೆಯದೇ. ಆದರೆ ಚಿಪ್ ಹೇಳುವುದು ಚಿಪ್ಪಿನ ಬಗ್ಗೆ. ಅದನ್ನು ಹೊತ್ತಿರುವ ಚರ್ಮ ಅದೇ ಕಾರ್ಖಾನೆಯದ್ದೆಂದು ತಿಳಿಯಲು ಕೊನೆಗೂ ಬಲ್ಲವರ ಕಣ್ಣು ಬೇಕು. ಆ ಕಣ್ಣು ಯಾರ ಬಳಿ ಇದೆ? ಹಳೆಯ ಐಷಾರಾಮಿ ವಸ್ತುಗಳನ್ನು ಮರುಮಾರಾಟ ಮಾಡುವ ವಿದೇಶಿ ಸಂಸ್ಥೆಗಳು ಪರಿಣತರನ್ನು ನೇಮಿಸಿ ಹೊಲಿಗೆಯ ಅಂತರ, ದಾರದ ದಪ್ಪ, ಅಕ್ಷರದ ಅಚ್ಚುಗಳನ್ನು ಪರೀಕ್ಷಿಸುತ್ತವೆ. ಆದರೆ ತಮ್ಮ ವಸ್ತುವಿನ ಅಸಲಿಯತ್ತನ್ನು ಖಚಿತಪಡಿಸಬಲ್ಲವರು ತಾವು ಮಾತ್ರ ಎಂಬುದು ಶನೆಲ್ ಕಂಪೆನಿಯ ವಾದ. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಮಂಡಳಿಯೊಂದು ಶನೆಲ್ ಹೂಡಿದ್ದ ದಾವೆಯಲ್ಲಿ ಮರುಮಾರಾಟ ಸಂಸ್ಥೆಯೊಂದಕ್ಕೆ 40 ಲಕ್ಷ ಡಾಲರ್ ಹೊರಿಸಿತು. ಅಂದಮೇಲೆ ಬೀಗದ ಕೈ ತಯಾರಕನ ಬಳಿ ಇದೆ, ಹಣ ಮಾರಾಟಗಾರನ ಬಳಿ ಇದೆ, ದಲ್ಲಾಳಿ ಪಾಲು ತಾಣದ ಬಳಿ ಇದೆ. ಗ್ರಾಹಕನ ಬಳಿ ಏನೂ ಇಲ್ಲ. ಆದರೂ ಸಾಕ್ಷಿ ಕೇಳುವುದು ಅವನನ್ನು!

ನ್ಯಾಯಾಲಯಗಳ ಎರಡು ದಾರಿ

ಈ ಪ್ರಶ್ನೆ ಜಗತ್ತಿನ ನ್ಯಾಯಾಲಯಗಳ ಮೆಟ್ಟಿಲೇರಿ ವರ್ಷಗಳೇ ಸಂದಿವೆ. 2008ರ ಜೂನ್ 30ರಂದು ಪ್ಯಾರಿಸಿನ ವಾಣಿಜ್ಯ ನ್ಯಾಯಾಲಯವು ನಕಲಿ ಚೀಲಗಳ ಮಾರಾಟವನ್ನೂ ಸುಗಂಧಗಳ ಅನಧಿಕೃತ ಮಾರಾಟವನ್ನೂ ತಡೆಯದಿದ್ದುದಕ್ಕಾಗಿ ಇಬೇ ತಾಣವು ಎಲ್‌ವಿಎಂಎಚ್ ಸಮೂಹಕ್ಕೆ 3.8 ಕೋಟಿ ಯೂರೋಗೂ ಹೆಚ್ಚು ಪರಿಹಾರ ಕೊಡಬೇಕೆಂದು ಆದೇಶಿಸಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಮೊತ್ತವನ್ನು ಬಹಳಷ್ಟು ತಗ್ಗಿಸಿತಾದರೂ ಹೊಣೆಯನ್ನು ಪೂರ್ತಿ ಇಳಿಸಲಿಲ್ಲ. ಆದರೆ ಪ್ಯಾರಿಸ್ ತೀರ್ಪಿನ ಎರಡೇ ವಾರಗಳ ಬಳಿಕ, ಜುಲೈ 14ರಂದು, ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅದೇ ಇಬೇ ಪರವಾಗಿ ತೀರ್ಪಿತ್ತಿತು. ಆಭರಣ ಕಂಪೆನಿ ಟಿಫ಼ನಿ ತಾನೇ ತಾಣದಿಂದ ಬೆಳ್ಳಿ ಆಭರಣಗಳನ್ನು ಕೊಂಡು ಪರೀಕ್ಷಿಸಿ, ಸುಮಾರು ಮುಕ್ಕಾಲು ಭಾಗ ನಕಲಿಯೆಂದು ವಾದಿಸಿತ್ತು. ಆ ಪರೀಕ್ಷಾ ವಿಧಾನದಲ್ಲಿ ದೋಷಗಳಿವೆಯೆಂದು ನ್ಯಾಯಾಲಯ ಕಂಡಿತು. ತನ್ನ ಮುದ್ರೆಯನ್ನು ಕಾಯುವ ಹೊಣೆ ಟಿಫ಼ನಿಯದ್ದು; ನಿರ್ದಿಷ್ಟ ವಸ್ತು ನಕಲಿಯೆಂದು ತಿಳಿಸಿದ ಮೇಲಷ್ಟೇ ತಾಣ ಕ್ರಮ ಕೈಗೊಳ್ಳಬೇಕು ಎಂದಿತು. ಒಂದೇ ತಾಣ, ಒಂದೇ ಬಗೆಯ ಅಪರಾಧ, ಒಂದೇ ತಿಂಗಳೊಳಗೆ ಎರಡು ನ್ಯಾಯ.

ಆ ಬಳಿಕ ಯುರೋಪು ತಾಣಗಳ ಮೇಲಿನ ಹಿಡಿತವನ್ನು ಹಂತಹಂತವಾಗಿ ಬಿಗಿಗೊಳಿಸಿತು. ಮಾರಾಟಗಾರರ ಜಾಹೀರಾತನ್ನು ಅಂದಗೊಳಿಸಿ ಮುಂದೊತ್ತುವ ತಾಣ ಕೇವಲ ಮಧ್ಯವರ್ತಿಯೆಂಬ ರಕ್ಷಣೆಯನ್ನು ಪಡೆಯಲಾರದೆಂದು ಯುರೋಪಿಯನ್ ನ್ಯಾಯಾಲಯ 2011ರಲ್ಲಿ ಲೋರಿಯಲ್ ಪ್ರಕರಣದಲ್ಲಿ ಹೇಳಿತು. 2022ರ ಡಿಸೆಂಬರಿನಲ್ಲಿ, ಕೆಂಪು ಅಟ್ಟೆಯ ಪಾದರಕ್ಷೆಗಳಿಗೆ ಹೆಸರಾದ ಲೂಬೂತಾನ್ ಹೂಡಿದ ದಾವೆಯಲ್ಲಿ, ಇತರರ ಸರಕನ್ನು ಅಮೆಜಾನ್ ತನ್ನದೇ ಸರಕೆಂಬಂತೆ ಗ್ರಾಹಕರಿಗೆ ತೋರುವ ರೀತಿಯಲ್ಲಿ ಮುಂದಿಟ್ಟರೆ ಅದನ್ನೇ ಹೊಣೆಗಾರನೆಂದು ಪರಿಗಣಿಸಬಹುದೆಂದು ಹೇಳಿತು.

ನಮ್ಮ ದೇಶದಲ್ಲಿ ಏನಾಯಿತು? ಇದೇ ಲೂಬೂತಾನ್ ಕಂಪೆನಿ ಭಾರತದ ಐಷಾರಾಮಿ ಸರಕುಗಳ ತಾಣವೊಂದರ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಬಂದಿತ್ತು. 2018ರ ನವೆಂಬರ್ 2ರ ತೀರ್ಪಿನಲ್ಲಿ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್, ಮಾರಾಟದಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳುವ ತಾಣಕ್ಕೂ ಕೇವಲ ವೇದಿಕೆ ಒದಗಿಸುವ ತಾಣಕ್ಕೂ ವ್ಯತ್ಯಾಸವಿದೆಯೆಂದು ವಿವರಿಸಿದರು. ಮಾರಾಟಗಾರರ ಪೂರ್ಣ ವಿವರವನ್ನು ಪ್ರಕಟಿಸಬೇಕು, ಸರಕು ಅಸಲಿಯೆಂದು ಅವರಿಂದ ಪ್ರಮಾಣಪತ್ರ ಪಡೆಯಬೇಕು ಎಂದು ಆ ತಾಣಕ್ಕೆ ನಿರ್ದೇಶಿಸಿದರು. ಆಶಾದಾಯಕ ತೀರ್ಪು. ಆದರೆ 2020ರ ಜನವರಿಯಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಇನ್ನೊಂದು ಪ್ರಕರಣದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನಲ್ಲಿ ಸಕ್ರಿಯ-ನಿಷ್ಕ್ರಿಯ ಎಂಬ ಭೇದವೇ ಇಲ್ಲವೆಂದಿತು.

ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಸರಕಾರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳನ್ನು ಹೊರಡಿಸಿತು. ಇದರ ಒಂದು ಅಂಶವನ್ನು ಓದುಗರು ಗಮನವಿಟ್ಟು ನೋಡಬೇಕು. ತನ್ನದೇ ದಾಸ್ತಾನನ್ನು ಮಾರುವ ತಾಣವು ವಸ್ತು ಅಸಲಿಯೆಂದು ನೇರವಾಗಿಯೋ ಪರೋಕ್ಷವಾಗಿಯೋ ಭರವಸೆ ಕೊಟ್ಟರೆ, ಅಸಲಿಯತ್ತಿನ ವಿವಾದದಲ್ಲಿ ಅದು ಹೊಣೆ ಹೊರಬೇಕೆಂದು ನಿಯಮ ಹೇಳುತ್ತದೆ. ಬಹಳ ಸರಿ. ಆದರೆ ಇತರ ಮಾರಾಟಗಾರರಿಗೆ ಕಟ್ಟೆ ಬಾಡಿಗೆಗೆ ಕೊಡುವ ತಾಣಗಳ ಕುರಿತಾದ ಅಧ್ಯಾಯದಲ್ಲಿ ಈ ಮಾತಿಲ್ಲ. ಅಲ್ಲಿರುವುದು ಮಾರಾಟಗಾರರಿಂದ ಮುಚ್ಚಳಿಕೆ ಪಡೆಯಬೇಕು, ಅವರ ವಿವರ ತೋರಿಸಬೇಕು ಎಂಬಂತಹ ಮಾತುಗಳು. ಇನ್ನೊಂದೆಡೆ, ವಿದೇಶಿ ಬಂಡವಾಳವುಳ್ಳ ತಾಣಗಳು ಸ್ವಂತ ದಾಸ್ತಾನಿಟ್ಟು ನೇರವಾಗಿ ಗ್ರಾಹಕರಿಗೆ ಮಾರುವುದನ್ನು ನಮ್ಮ ವಿದೇಶಿ ಹೂಡಿಕೆ ನೀತಿ ಒಪ್ಪುವುದಿಲ್ಲ. ಆದ್ದರಿಂದ ಅಂತಹ ದೊಡ್ಡ ತಾಣಗಳೆಲ್ಲ ಕಟ್ಟೆ ಬಾಡಿಗೆಯ ವರ್ಗಕ್ಕೇ ಸೇರುತ್ತವೆ. ಪರಿಣಾಮವೇನು? ಅಸಲಿಯತ್ತಿನ ಹೊಣೆಯನ್ನು ಸ್ಪಷ್ಟವಾಗಿ ಹೇಳುವ ಕಲಮು, ಅತಿ ಹೆಚ್ಚು ಜನರು ವ್ಯವಹರಿಸುವ ತಾಣಗಳಿಗೇ ನೇರವಾಗಿ ತಟ್ಟುವುದಿಲ್ಲ.

ಕೋಟಿಗಟ್ಟಲೆ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಹೇಗೆ ಎಂದು ತಾಣಗಳು ಕೇಳುತ್ತವೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಕೋಟಿಗಟ್ಟಲೆ ವಸ್ತುಗಳಲ್ಲಿ ಒಂದನ್ನೂ ಬಿಡದೆ ದಲ್ಲಾಳಿ ಪಾಲನ್ನು ಲೆಕ್ಕ ಹಾಕಲು ಸಾಧ್ಯವಾಗಿದೆಯಲ್ಲವೇ? ಯಾವುದನ್ನು ಮೊದಲು ತೋರಿಸಬೇಕು, ಯಾರಿಗೆ ಯಾವುದನ್ನು ತೋರಿಸಬೇಕೆಂದು ನಿರ್ಧರಿಸಲು ಸಾಧ್ಯವಾಗಿದೆಯಲ್ಲವೇ? ಹೆಸರಾಂತ ಕಂಪೆನಿಯ ವಸ್ತುವೊಂದು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾಗುತ್ತಿರುವುದು ಗಣಕಯಂತ್ರದ ಕಣ್ಣಿಗೆ ಬೀಳುವುದಿಲ್ಲವೇ? ಲಾಭದ ಕಣ್ಣು ತೆರೆದಿರುವಾಗ ಹೊಣೆಯ ಕಣ್ಣು ಮುಚ್ಚಿದೆಯೆಂದರೆ ನಂಬುವುದು ಕಷ್ಟ.

ಬಂಗಾರದಿಂದ ಕಲಿಯಬೇಕಾದ ಪಾಠ

ಬಂಗಾರದ ವಿಷಯದಲ್ಲಿ ಕಾನೂನು ಈ ಹೊಣೆಯನ್ನು ಮಾರುವವರ ಹೆಗಲಿಗೇ ಏರಿಸಿದೆ. ಒಂದು ಕಾಲಕ್ಕೆ ಅಕ್ಕಸಾಲಿಗನ ಮಾತೇ ಪ್ರಮಾಣವಾಗಿತ್ತು. ಮಾರುವಾಗ 22 ಕ್ಯಾರೆಟ್ ಎಂದವನು ಮರಳಿ ಕೊಳ್ಳುವಾಗ ಒರೆಗಲ್ಲಿಗೆ ತಿಕ್ಕಿ 20 ಎನ್ನುತ್ತಿದ್ದ. ಬಡವರು ಬಾಯಿ ಮುಚ್ಚಿಕೊಂಡು ಬರುತ್ತಿದ್ದರು. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಹಾಲ್‌ಮಾರ್ಕ್ ಯೋಜನೆಯನ್ನು ಆರಂಭಿಸಿತಾದರೂ ಅದು ಐಚ್ಛಿಕವಾಗಿತ್ತು. 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಕಡ್ಡಾಯವಾಗಿ, ಆ ಬಳಿಕ ಹಂತಹಂತವಾಗಿ ವಿಸ್ತರಣೆಯಾಯಿತು. ಅದೇ ವರ್ಷದ ಜುಲೈಯಲ್ಲಿ ಪ್ರತಿಯೊಂದು ಆಭರಣಕ್ಕೂ ಅದರದ್ದೇ ಆದ ಆರು ಅಕ್ಷರ-ಅಂಕಿಗಳ ಗುರುತು, ಅಂದರೆ ಎಚ್‌ಯುಐಡಿ, ಬಂತು. 2023ರ ಏಪ್ರಿಲ್ 1ರ ನಂತರ ಕಡ್ಡಾಯ ವ್ಯಾಪ್ತಿಯ ಹಾಲ್‌ಮಾರ್ಕ್ ಆಭರಣವನ್ನು ಈ ಗುರುತಿಲ್ಲದೆ ಮಾರುವಂತಿಲ್ಲ.

ಆಭರಣದ ಮೇಲೆ ಈಗ ಮೂರು ಮುದ್ರೆಗಳಿರುತ್ತವೆ: ಬ್ಯೂರೋದ ತ್ರಿಕೋನ ಲಾಂಛನ, 22ಕೆ916 ಎಂಬಂತಹ ಶುದ್ಧತೆಯ ಅಂಕಿ, ಆರು ಅಕ್ಷರಗಳ ಗುರುತು. 'ಬಿಐಎಸ್ ಕೇರ್' ಎಂಬ ಆ್ಯಪಿನಲ್ಲಿ ಆ ಗುರುತನ್ನು ಬರೆದರೆ ಆಭರಣ ಯಾವ ಬಗೆಯದ್ದು, ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು, ನೋಂದಾಯಿತ ಆಭರಣ ವ್ಯಾಪಾರಿ ಯಾರು ಎಂಬುದು ತಿಳಿಯುತ್ತದೆ. ಬಳೆಯ ಮೇಲಿನ ಗುರುತನ್ನು ಬರೆದಾಗ ಉಂಗುರದ ವಿವರ ಬಂದರೆ ಮೋಸವೆಂದು ಅಲ್ಲಿಯೇ ಗೊತ್ತಾಗುತ್ತದೆ. ಮುದ್ರೆಯಲ್ಲಿರುವುದಕ್ಕಿಂತ ಶುದ್ಧತೆ ಕಡಿಮೆಯೆಂದು ಸಾಬೀತಾದರೆ, ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷಾ ಶುಲ್ಕವನ್ನು ಗ್ರಾಹಕನಿಗೆ ಕೊಡಬೇಕೆಂಬ ನಿಯಮವಿದೆ. ಬಂಗಾರವನ್ನು ಬೀದಿಯಂಗಡಿಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ಕೊಂಡರೂ ಇದೇ ಗುರುತು.

ಇಲ್ಲಿ ಏನಾಗಿದೆ ನೋಡಿ. ಮಾರುವ ಮೊದಲೇ ಮೂರನೆಯವರ ಪರೀಕ್ಷೆಯಾಗುತ್ತದೆ. ಪರೀಕ್ಷೆಯ ಫಲಿತಾಂಶ ಗ್ರಾಹಕನ ಕೈಗೆಟಕುತ್ತದೆ. ಸುಳ್ಳಾದರೆ ದಂಡ ತೆರುವವನು ಮಾರಿದವನು. ಹಾಲ್‌ಮಾರ್ಕ್ ಬಂದಾಗ ವ್ಯಾಪಾರ ಮುಳುಗಿ ಹೋಗುತ್ತದೆಂದು ಹೇಳಿದವರಿದ್ದರು. ಮುಳುಗಲಿಲ್ಲ. ಬಂಗಾರಕ್ಕೆ ಸಾಧ್ಯವಾದದ್ದು ಲಕ್ಷ ರೂಪಾಯಿಯ ಗಡಿಯಾರಕ್ಕೆ, ಐವತ್ತು ಸಾವಿರದ ಶಾಲಿಗೆ ಏಕೆ ಸಾಧ್ಯವಾಗಬಾರದು?

ಇದು ನಮಗೆ ಅಪರಿಚಿತವಾದ ವಿಚಾರವೇನಲ್ಲ. ಮಧ್ಯಯುಗದ ಮುಸ್ಲಿಂ ನಗರಗಳ ಮಾರುಕಟ್ಟೆಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯಿರುತ್ತಿದ್ದ. ಹನ್ನೆರಡನೇ ಶತಮಾನದ ಸಿರಿಯಾದ ಅಶ್ಶೈಝರಿ ಎಂಬ ವಿದ್ವಾಂಸರು ಈ ಅಧಿಕಾರಿಗಳಿಗಾಗಿಯೇ ಕೈಪಿಡಿಯೊಂದನ್ನು ಬರೆದರು. ಸುಗಂಧ ವ್ಯಾಪಾರಿಗಳು, ಅಕ್ಕಸಾಲಿಗರು, ರೇಷ್ಮೆಯವರು ಹೇಗೆಲ್ಲ ಕಲಬೆರಕೆ ಮಾಡುತ್ತಾರೆ, ಅದನ್ನು ಕಂಡುಹಿಡಿಯುವುದು ಹೇಗೆ ಎಂಬ ವಿವರಗಳು ಅದರಲ್ಲಿವೆ. ಪ್ರತಿಯೊಂದು ಕಸುಬಿನ ಒಳಗುಟ್ಟನ್ನು ಸಾಮಾನ್ಯ ಗ್ರಾಹಕ ಅರಿಯಲಾರ, ಆದ್ದರಿಂದ ಅವನ ಪರವಾಗಿ ಬಲ್ಲವನೊಬ್ಬ ಮಾರುಕಟ್ಟೆಯಲ್ಲಿ ನಿಲ್ಲಬೇಕು ಎಂಬುದು ಅದರ ಹಿಂದಿನ ತಿಳುವಳಿಕೆ. ವಸ್ತುವಿನ ದೋಷವನ್ನು ಮಾರುವವನೇ ಹೇಳಬೇಕು, ಮುಚ್ಚಿಟ್ಟು ಮಾರಿದರೆ ಹಿಂತಿರುಗಿಸುವ ಹಕ್ಕು ಕೊಂಡವನಿಗಿದೆ ಎಂಬುದು ಫಿಕ್‌ಹ್ ಗ್ರಂಥಗಳ ವ್ಯಾಪಾರದ ಅಧ್ಯಾಯವನ್ನು ಓದಿದ ಪ್ರತಿಯೊಬ್ಬ ಮದ್ರಸಾ ವಿದ್ಯಾರ್ಥಿಗೂ ಗೊತ್ತು. ಇಂದಿನ ಆನ್‌ಲೈನ್ ಮಾರುಕಟ್ಟೆಯಲ್ಲಿ ಮುಹ್ತಸಿಬನ ಜಾಗ ಖಾಲಿ ಬಿದ್ದಿದೆ.

ನಕಲಿಯ ಮೊದಲ ಬಲಿ

ನಕಲಿಯಿಂದ ನಷ್ಟವಾಗುವುದು ಪ್ಯಾರಿಸಿನ ಕೋಟ್ಯಧೀಶ ಕಂಪೆನಿಗಳಿಗೆ ಎಂಬ ಭಾವನೆ ನಮ್ಮಲ್ಲಿದೆ. ಕಾಶ್ಮೀರದ ಕಡೆಗೊಮ್ಮೆ ನೋಡಿ. ಅಸಲಿ ಪಶ್ಮೀನಾದ ಎಳೆ 16 ಮೈಕ್ರಾನಿಗಿಂತ ದಪ್ಪವಿರುವುದಿಲ್ಲ. ಲಡಾಖಿನ ಎತ್ತರದ ಬಯಲುಗಳ ಆಡುಗಳ ಒಳತುಪ್ಪಳದಿಂದ ಬರುವ ಈ ಎಳೆಯನ್ನು ಶ್ರೀನಗರದ ಮನೆಗಳಲ್ಲಿ ಹೆಂಗಸರು ಚರಕದಲ್ಲಿ ನೂಲುತ್ತಾ ಬಂದಿದ್ದಾರೆ. ಅನೇಕ ವಿಧವೆಯರ ಮನೆಯ ಒಲೆ ಅದರಿಂದ ಉರಿದಿದೆ. ಎಳೆ ಎಷ್ಟು ನಾಜೂಕೆಂದರೆ ಯಂತ್ರದ ಎಳೆತವನ್ನು ಅದು ತಾಳುವುದಿಲ್ಲ. ಆದ್ದರಿಂದ ಯಂತ್ರದಲ್ಲಿ ನೂಲುವವರು ಅದಕ್ಕೆ ನೈಲಾನ್ ಬೆರೆಸಿ, ನೇಯ್ದ ಮೇಲೆ ಆಮ್ಲದಿಂದ ನೈಲಾನನ್ನು ಕರಗಿಸುತ್ತಾರೆ. ಬಟ್ಟೆ ದುರ್ಬಲವಾಗುತ್ತದೆ, ಆದರೆ ಅಗ್ಗವಾಗುತ್ತದೆ. ಇನ್ನು ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗಳಿಗೆ 'ಪಶ್ಮೀನಾ' ಎಂದು ಮಾರಾಟವಾಗುವ ಶಾಲುಗಳಲ್ಲಿ ಆಡಿನ ತುಪ್ಪಳವೇ ಇರುವುದಿಲ್ಲ.

ಕಾಶ್ಮೀರ ಪಶ್ಮೀನಾಕ್ಕೆ 2008ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಶ್ರೀನಗರದ ಕುಶಲಕಲಾ ಅಭಿವೃದ್ಧಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಳೆಯ ದಪ್ಪ, ಕೈನೂಲು, ಕೈನೇಯ್ಗೆ ಇವುಗಳನ್ನು ಪರೀಕ್ಷಿಸಿ ವಿಶಿಷ್ಟ ಸಂಖ್ಯೆಯ ಚೀಟಿಯನ್ನು ಅಂಟಿಸುವ ಏರ್ಪಾಡಿದೆ. ಆದರೆ ಚೀಟಿ ಇಲ್ಲದ ಶಾಲನ್ನು 'ಪಶ್ಮೀನಾ' ಎಂಬ ಹೆಸರಿನಲ್ಲಿ ಮುಂದಿಡುವುದನ್ನು ತಾಣಗಳು ನಿಲ್ಲಿಸಿವೆಯೇ? ಆ ಒಂದು ಪದವನ್ನು ಹುಡುಕಿ ನೋಡಿದರೆ ಉತ್ತರ ಸಿಗುತ್ತದೆ. ಎರಡು ಸಾವಿರದ ಸುಳ್ಳಿನೆದುರು ಇಪ್ಪತ್ತು ಸಾವಿರದ ನಿಜ ಸೋಲುತ್ತದೆ. ನೂಲುವ ಹೆಂಗಸು ಚರಕವನ್ನು ಅಟ್ಟಕ್ಕೇರಿಸುತ್ತಾಳೆ.

ನಮ್ಮ ಮೈಸೂರು ರೇಷ್ಮೆಯ ಕತೆಯೂ ಇದಕ್ಕಿಂತ ದೂರವಿಲ್ಲ. 1912ರಲ್ಲಿ ಮೈಸೂರು ಅರಸರ ಕಾಲದಲ್ಲಿ ಆರಂಭವಾದ ಕಾರ್ಖಾನೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. 2005ರಲ್ಲಿ ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತು ಬಂತು. ನಿಗಮದ ಪ್ರತಿ ಸೀರೆಯಲ್ಲೂ ಕಸೂತಿಯಲ್ಲಿ ಮೂಡಿಸಿದ ಸಂಖ್ಯೆ ಮತ್ತು ಹಾಲೊಗ್ರಾಮ್ ಇರುತ್ತದೆ. ಆದರೂ ಅದೇ ಹೆಸರಿನ ಕೃತಕ ನೂಲಿನ ಸೀರೆಗಳು ಫೋನಿನ ಪರದೆಯಲ್ಲಿ ಸಾಲುಗಟ್ಟಿ ನಿಂತಿವೆ. ರೇಷ್ಮೆಯ ಎಳೆಯನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಕೃತಕ ನೂಲು ಕರಗಿ ಗಂಟಾಗುತ್ತದೆ ಎಂದು ಹಿರಿಯ ಹೆಂಗಸರು ಹೇಳಬಲ್ಲರು. ಆದರೆ ಮದುವೆಯ ಸೀರೆಯ ಎಳೆಯನ್ನು ಕಿತ್ತು ಸುಟ್ಟು ನೋಡಬೇಕಾದ ಸ್ಥಿತಿ ಗ್ರಾಹಕರಿಗೆ ಏಕೆ ಬರಬೇಕು?

ನಮ್ಮೊಳಗಿನ ಪ್ರಶ್ನೆ

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತೋರಿಸದಿದ್ದರೆ ಬರಹ ಅಪ್ರಾಮಾಣಿಕವಾದೀತು. 'ಫಸ್ಟ್ ಕಾಪಿ' ಎಂಬ ಪದ ಇಂದು ನಮ್ಮ ಪಟ್ಟಣಗಳ ಯುವಕರ ಬಾಯಲ್ಲಿ ನಲಿದಾಡುತ್ತಿದೆ. ವಾಟ್ಸಪ್ ಸ್ಟೇಟಸ್ಸಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಹೆಸರಾಂತ ಕಂಪೆನಿಗಳ ಗಡಿಯಾರ, ಬೂಟು, ಸುಗಂಧಗಳ ಪ್ರತಿಗಳನ್ನು ಮಾರುವವರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದಾರೆ. ನಿರುದ್ಯೋಗದ ಕಾಲದಲ್ಲಿ ಕೂತಲ್ಲೇ ಒಂದಿಷ್ಟು ಸಂಪಾದನೆ. ಕೇಳಿದರೆ ಅವರ ಬಳಿ ಉತ್ತರವಿದೆ: 'ಕೊಳ್ಳುವವರಿಗೆ ಗೊತ್ತಿದೆ. ನಾವು ಅಸಲಿಯೆಂದು ಹೇಳುವುದಿಲ್ಲ. ಮೋಸ ಎಲ್ಲಿ ಬಂತು?'

ಮೇಲ್ನೋಟಕ್ಕೆ ಸರಿಯೆನಿಸುವ ವಾದ. ಆದರೆ ಆ ವಸ್ತುವಿನ ಮೇಲಿರುವ ಹೆಸರು ಯಾರದು? ಅದನ್ನು ಬಳಸಲು ಅನುಮತಿ ಕೊಟ್ಟವರಾರು? ಹೆಸರನ್ನು ಅಳಿಸಿ ಅದೇ ಗಡಿಯಾರವನ್ನು ಅದೇ ಬೆಲೆಗೆ ಮಾರಲು ಅವರು ಸಿದ್ಧರಿದ್ದಾರೆಯೇ? ಇಲ್ಲ. ಮಾರಾಟವಾಗುತ್ತಿರುವುದು ಗಡಿಯಾರವಲ್ಲ, ಆ ಹೆಸರು. ಅದನ್ನು ಕಟ್ಟಿಕೊಳ್ಳುವವನು ನೋಡುವವರನ್ನು ನಂಬಿಸಲೆಂದೇ ಕಟ್ಟಿಕೊಳ್ಳುತ್ತಾನೆ. ಇಂದು 'ಕಾಪಿ' ಎಂದು ಹೇಳಿ ಮಾರಿದ ಅದೇ ವಸ್ತು ಎರಡನೆಯ, ಮೂರನೆಯ ಕೈಗೆ ಹೋದಾಗ ಅಸಲಿಯಾಗಿಬಿಡುತ್ತದೆ. ನಮ್ಮ ಪರಿಚಿತರಂತಹ ಒಬ್ಬ ತಂದೆಯ ಮನೆಗೆ ಬಂದು ತಲುಪುತ್ತದೆ. ಕಾನೂನಿನ ಮಾತನ್ನೂ ಯುವಕರು ತಿಳಿದಿರಲಿ. 1999ರ ವ್ಯಾಪಾರ ಮುದ್ರೆ ಕಾಯ್ದೆಯ 103 ಮತ್ತು 104ನೇ ಕಲಮುಗಳಲ್ಲಿ ಇಂತಹ ಅಪರಾಧಕ್ಕೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. 'ಗ್ರಾಹಕನಿಗೆ ಗೊತ್ತಿತ್ತು' ಎಂಬ ವಾದ ಅಲ್ಲಿ ರಕ್ಷಿಸುವುದಿಲ್ಲ.

ಗೊತ್ತಿದ್ದೇ ನಕಲಿಯನ್ನು ಕೊಳ್ಳುವ, ಮಾರುವ ಸಮುದಾಯವು ಗೊತ್ತಿಲ್ಲದೆ ನಕಲಿ ಬಂದಾಗ ನ್ಯಾಯ ಕೇಳುವ ನೈತಿಕ ಬಲವನ್ನು ಕಳೆದುಕೊಳ್ಳುತ್ತದೆ. ಕೈಗೆಟಕದ ಹೆಸರನ್ನು ಕೈಗೆ ಕಟ್ಟಿಕೊಳ್ಳಲೇಬೇಕೆಂಬ ಹಠ ನಮ್ಮ ಮದುವೆ ಮಂಟಪಗಳಲ್ಲಿ ಇರುವಷ್ಟು ಕಾಲ ನಕಲಿಯ ಕಾರ್ಖಾನೆಗಳಿಗೆ ಬಾಗಿಲು ಹಾಕಲು ಯಾವ ನ್ಯಾಯಾಲಯದಿಂದಲೂ ಸಾಧ್ಯವಿಲ್ಲ. ಸಾವಿರ ರೂಪಾಯಿಯ ಅಸಲಿ ಗಡಿಯಾರದಲ್ಲಿ ಇರುವ ಗೌರವ ಐದು ಸಾವಿರದ ಸುಳ್ಳಿನಲ್ಲಿ ಇಲ್ಲವೆಂದು ಮಕ್ಕಳಿಗೆ ಹೇಳಿಕೊಡಬೇಕಾದವರು ನಾವು.

ಮಾಡಬೇಕಾದದ್ದೇನು?

ಸರಕಾರ ಮೂರು ಕೆಲಸಗಳನ್ನು ಮಾಡಬೇಕು. ಅಸಲಿಯತ್ತಿನ ಭರವಸೆಗೆ ಹೊಣೆ ಹೊರಬೇಕೆಂಬ 2020ರ ನಿಯಮವನ್ನು ಕಟ್ಟೆ ಬಾಡಿಗೆಗೆ ಕೊಡುವ ತಾಣಗಳಿಗೂ ವಿಸ್ತರಿಸಬೇಕು. ನಕಲಿಯೆಂಬ ದೂರು ಬಂದ ದಿನದಿಂದ ಪರೀಕ್ಷೆ ಮುಗಿಯುವ ತನಕ ಹಿಂತಿರುಗಿಸುವ ಅವಧಿಯ ಲೆಕ್ಕ ನಿಲ್ಲಬೇಕು. ತಮ್ಮ ಹೆಸರಿನ ವಸ್ತುವನ್ನು ಯಾರೇ ತಂದರೂ ಪರೀಕ್ಷಿಸಿ ಲಿಖಿತ ಉತ್ತರ ಕೊಡುವ ಹೊಣೆ, ಇಲ್ಲಿ ವ್ಯಾಪಾರ ಮಾಡುವ ಕಂಪೆನಿಗಳ ಮೇಲಿರಬೇಕು. ಇವುಗಳ ವೆಚ್ಚ ಸಣ್ಣ ನೇಕಾರ, ಸಣ್ಣ ಕುಶಲಕರ್ಮಿಯ ತಲೆಗೆ ಬೀಳದಂತೆ ಸರಕಾರಿ ಪರೀಕ್ಷಾ ಕೇಂದ್ರಗಳನ್ನು ಹೆಚ್ಚಿಸಬೇಕು.

ಅಲ್ಲಿಯವರೆಗೆ ಓದುಗರು ಈಗಿರುವ ಹಕ್ಕನ್ನಾದರೂ ಬಳಸಬೇಕು. ಬೆಲೆಬಾಳುವ ವಸ್ತುವನ್ನು ಕೊಳ್ಳುವ ಮೊದಲು ಮಾರಾಟಗಾರನ ಹೆಸರು, ವಿಳಾಸಗಳನ್ನು ನೋಡಿ. ವಿದೇಶಿ ವಸ್ತುವಾದರೆ ಆಮದುದಾರನ ಹೆಸರನ್ನೂ ಅಸಲಿಯತ್ತಿನ ಖಾತರಿಯನ್ನೂ ಮಾರಾಟಗಾರ ಒದಗಿಸಬೇಕೆಂದು ನಿಯಮವೇ ಹೇಳುತ್ತದೆ, ಅವಿಲ್ಲದಿದ್ದರೆ ಕೊಳ್ಳಬೇಡಿ. ಜಾಹೀರಾತಿನ ಪುಟದ ಚಿತ್ರವನ್ನು ಉಳಿಸಿಕೊಳ್ಳಿ. ಪೆಟ್ಟಿಗೆ ತೆರೆಯುವುದನ್ನು ಫೋನಿನಲ್ಲಿ ಚಿತ್ರೀಕರಿಸಿ. ಮದುವೆಯ ದಿನದವರೆಗೆ ಕಾಯದೆ, ಹಿಂತಿರುಗಿಸುವ ಅವಧಿಯೊಳಗೇ ಬಲ್ಲವರಿಗೆ ತೋರಿಸಿ. ನಕಲಿಯೆನಿಸಿದರೆ ಲಿಖಿತವಾಗಿ ದೂರು ಕೊಡಿ. ತಾಣದ ದೂರು ಅಧಿಕಾರಿ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರಿಂದಲೂ ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ಮಾರಾಟಗಾರ ದಿಲ್ಲಿಯಲ್ಲಿದ್ದರೂ ನೀವು ವಾಸಿಸುವ ಊರಿನ ಆಯೋಗದಲ್ಲೇ ದಾವೆ ಹೂಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷಗಳ ಕಾಲಾವಕಾಶವಿದೆ. ವಕೀಲರನ್ನು ನೇಮಿಸಲೇಬೇಕೆಂದಿಲ್ಲ.

ನಮ್ಮ ಪರಿಚಿತರು ಆಯೋಗಕ್ಕೆ ಹೋಗಲಿಲ್ಲ. ಹೋದರೆ ಊರಿಗೆಲ್ಲ ತಿಳಿಯುತ್ತದೆಂಬ ಅಂಜಿಕೆ ಅವರಿಗೆ. ಆ ಗಡಿಯಾರ ಈಗ ಅವರ ಕಪಾಟಿನಲ್ಲಿ, ಅದೇ ಚಂದದ ಪೆಟ್ಟಿಗೆಯೊಳಗಿದೆ. ಮೋಸ ಮಾಡಿದವನಿಗೆ ಇಲ್ಲದ ನಾಚಿಕೆ ಮೋಸ ಹೋದವರಿಗೆ ಏಕೆ? ಈ ನಾಚಿಕೆಯೇ ನಕಲಿ ವ್ಯಾಪಾರದ ಅತಿ ದೊಡ್ಡ ಬಂಡವಾಳ. ಎರಡು ವರ್ಷಗಳ ಅವಧಿ ಅವರಿಗಿನ್ನೂ ಮುಗಿದಿಲ್ಲ. ಇದನ್ನು ಓದಿಯಾದರೂ ಅವರು ಆ ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದು ಹೊರಡಲಿ. ಜೊತೆಗೆ ಹೋಗಲು ನಾವು ಸಿದ್ಧರಿದ್ದೇವೆ.